ತಿನ್ನದ ಆಮೆಗೆ ಮೊದಲು ಬೇಕಾದದ್ದು ಊಟವಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ಸುಲ್ಕಾಟಾ ಎಂಬ ಜಾತಿಯ ಒಂದು ನೆಲದ ಆಮೆ ಇದೆ. ಬೇರೆ ದೇಶಕ್ಕೆ ಹೊರಟ ಸ್ನೇಹಿತರು ಎಂಟು ತಿಂಗಳ ಹಿಂದೆ ಕೊಟ್ಟದ್ದು. ಪರವಾನಗಿ ಕಾಗದಗಳನ್ನೂ ಕೊಟ್ಟಿದ್ದಾರೆ. ವಯಸ್ಸು ಎರಡು ವರ್ಷವಂತೆ, ಗಾತ್ರ ನನ್ನ ಅಂಗೈಯಷ್ಟು. ಗಾಜಿನ ತೊಟ್ಟಿಯಲ್ಲಿ ಕಾಗದ ಹಾಸಿ ಕಿಟಕಿಯ ಪಕ್ಕ ಇಟ್ಟಿದ್ದೇವೆ, ಬೆಳಗ್ಗೆ ಎರಡು ಗಂಟೆ ಚೆನ್ನಾಗಿ ಬಿಸಿಲು ಬೀಳುತ್ತದೆ. ಸೌತೆಕಾಯಿ, ಟೊಮೆಟೊ, ಬಾಳೆಹಣ್ಣು, ಆಗಾಗ ಪಾಲಕ್ ಸೊಪ್ಪು ಹಾಕುತ್ತಿದ್ದೆವು. ಶಕ್ತಿ ಬರಲಿ ಎಂದು ಹಾಲಲ್ಲಿ ನೆನೆಸಿದ ಬ್ರೆಡ್, ಕೆಲವೊಮ್ಮೆ ಬೆಕ್ಕಿನ ಆಹಾರದ ನಾಲ್ಕು ಕಾಳು. ಹತ್ತು ದಿನದಿಂದ ಅದು ಏನನ್ನೂ ಮುಟ್ಟುತ್ತಿಲ್ಲ. ಮೂಲೆ ಹಿಡಿದು ಕಣ್ಣು ಮುಚ್ಚಿ ಕೂತಿರುತ್ತದೆ. ಬೆನ್ನ ಚಿಪ್ಪಿನ ಮೇಲೆ ಉಬ್ಬುಗಳೆದ್ದಿವೆ, ಹೊಟ್ಟೆಯ ಕಡೆ ಒತ್ತಿದರೆ ಮೆತ್ತಗೆ ತಗ್ಗುತ್ತದೆ. ಒಬ್ಬರು ‘ಅದು ಚಳಿಗಾಲದ ನಿದ್ದೆ, ಎಬ್ಬಿಸಬೇಡಿ’ ಅನ್ನುತ್ತಾರೆ. ಇನ್ನೊಬ್ಬರು ಚಿಪ್ಪಿಗೆ ಎಣ್ಣೆ ಸವರಲು ಹೇಳಿದರು. ಒಂಟಿತನ ಇರಬೇಕು, ಜೊತೆಗೊಂದು ತನ್ನಿ ಎಂದವರೂ ಇದ್ದಾರೆ. ಹೊಟ್ಟೆಯಲ್ಲಿ ಹುಳ ಇರಬಹುದೆಂದು ನಮ್ಮ ನಾಯಿಯ ಜಂತುಹುಳದ ಔಷಧಿ ಒಂದು ಹನಿ ಕೊಡೋಣವೇ ಎಂದು ಯೋಚಿಸುತ್ತಿದ್ದೇವೆ. ಇದಕ್ಕೆ ಏನು ತಿನ್ನಿಸಬೇಕು, ದಯವಿಟ್ಟು ತಿಳಿಸಿ.

ಉತ್ತರ: ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಇವತ್ತು ರಾತ್ರಿಯೇ ನಡೆದುಹೋಗಬಹುದಾದ ಅನಾಹುತ. ನಾಯಿಯ ಜಂತುಹುಳದ ಔಷಧಿಯನ್ನು ಒಂದು ಹನಿಯೂ ಕೊಡಬೇಡಿ. ನಾಯಿ, ದನ, ಕುದುರೆಗಳಿಗೆ ಕೊಡುವ ಹಲವು ಔಷಧಿಗಳಲ್ಲಿ ಐವರ್ಮೆಕ್ಟಿನ್ ಇರುತ್ತದೆ. ಆ ಪ್ರಾಣಿಗಳಿಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಆಮೆಗೆ ಮಾತ್ರ ವಿಷ. ನರಗಳ ಮೇಲೆ ಕೆಲಸ ಮಾಡಿ ಕೈಕಾಲು ಜೋಲುಬೀಳುತ್ತವೆ, ಉಸಿರು ನಿಲ್ಲುತ್ತದೆ. ಅದಕ್ಕೆ ಮದ್ದಿಲ್ಲ. ನಿಮ್ಮ ಆಮೆಗೆ ಹುಳ ಇದೆಯೋ ಇಲ್ಲವೋ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ಇದ್ದರೆ ಫೆನ್‌ಬೆಂಡಜೋಲ್‌ನಂಥ ಬೇರೆ ಔಷಧಿಯನ್ನು ತೂಕ ನೋಡಿ ವೈದ್ಯರು ಕೊಡುತ್ತಾರೆ. ನಾಯಿಯ ಔಷಧಿಯ ಬಾಟಲಿಯನ್ನು ಕಪಾಟಿನಲ್ಲಿಡಿ.

ಇನ್ನು ನಿಮ್ಮ ಪ್ರಶ್ನೆ. ಏನು ತಿನ್ನಿಸಬೇಕು ಎಂದು ಕೇಳಿದ್ದೀರಿ. ನೀವು ಬರೆದದ್ದನ್ನು ಓದಿದರೆ ಈ ಆಮೆ ಊಟ ಹಿಡಿಸದೆ ಬಿಟ್ಟದ್ದಲ್ಲ, ತಿನ್ನುವ ಸ್ಥಿತಿಯಲ್ಲೇ ಇಲ್ಲ ಅನ್ನಿಸುತ್ತದೆ. ಎರಡು ವರ್ಷದ ಆಮೆಯ ಹೊಟ್ಟೆಚಿಪ್ಪು ಗಟ್ಟಿಯಾಗಿರಬೇಕು. ಮೊಟ್ಟೆಯೊಡೆದು ಬಂದ ಮೊದಲ ಕೆಲವು ತಿಂಗಳು ತುಸು ಬಳುಕುವುದು ಸಹಜ, ಆಮೇಲೆ ಅಲ್ಲ. ಮೆತ್ತಗಿರುವ ಚಿಪ್ಪು, ಉಬ್ಬು, ಮಂಕು, ಊಟ ಬಿಟ್ಟದ್ದು ಇವೆಲ್ಲ ಸೇರಿದಾಗ ಮೊದಲು ನೆನಪಾಗುವುದು ಮೂಳೆ ಸವೆತದ ಕಾಯಿಲೆ. ಅಂದರೆ ದೇಹಕ್ಕೆ ಕ್ಯಾಲ್ಸಿಯಂ ಸಿಗದೆ, ಅದು ತನ್ನ ಮೂಳೆಯಿಂದಲೇ ಕಿತ್ತು ಬಳಸಿಕೊಳ್ಳುವ ಸ್ಥಿತಿ. ಇದನ್ನು ಮನೆಯಲ್ಲೇ ಕೂತು ಗುಣ ಮಾಡಲಾಗುವುದಿಲ್ಲ. ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರ ಬಳಿ ಎರಡು ಮೂರು ದಿನದೊಳಗೆ ಕರೆದೊಯ್ಯಿರಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ, ಮೈ ನಡುಗುತ್ತಿದ್ದರೆ, ಕಾಲನ್ನು ಮೆಲ್ಲಗೆ ಎಳೆದಾಗ ಒಳಗೆ ಸೆಳೆದುಕೊಳ್ಳದಿದ್ದರೆ ಇವತ್ತೇ ಹೊರಡಿ. ಆಮೆಗೆ ನಮ್ಮಂತೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ (ವಪೆ) ಇಲ್ಲ, ಕೆಮ್ಮಿ ಕಫ ಹೊರಹಾಕಲು ಬರುವುದಿಲ್ಲ. ಹಾಗಾಗಿ ನಮಗೆ ನೆಗಡಿ ಅನ್ನಿಸುವುದು ಅದಕ್ಕೆ ನ್ಯುಮೋನಿಯಾ ಆಗಿರಬಹುದು.

ಚಳಿಗಾಲದ ನಿದ್ದೆ ಎನ್ನುವವರ ಮಾತು ಪೂರ್ತಿ ಸುಳ್ಳಲ್ಲ, ಬೇರೆ ಜಾತಿಯ ಆಮೆಗೆ ಹೇಳಬೇಕಾದ ಮಾತು. ಮೆಡಿಟರೇನಿಯನ್ ತೀರದ ಹರ್ಮನ್ ಆಮೆ, ಗ್ರೀಕ್ ಆಮೆ, ಮಧ್ಯ ಏಷ್ಯಾದ ರಷ್ಯನ್ ಆಮೆ ಇವು ನಿಜವಾಗಿಯೂ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗುತ್ತವೆ. ಅದೂ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ತಣ್ಣನೆಯ ಜಾಗದಲ್ಲಿ, ಮೊದಲೇ ಹೊಟ್ಟೆ ಖಾಲಿ ಮಾಡಿಕೊಂಡು, ಆರೋಗ್ಯ ಗಟ್ಟಿಯಿದ್ದಾಗ ಮಾತ್ರ. ಸುಲ್ಕಾಟಾ ಸಹಾರಾದ ದಕ್ಷಿಣದ ಅಂಚಿನ ಸಾಹೇಲ್ ಸೀಮೆಯದ್ದು. ಅದರ ವಂಶದಲ್ಲೇ ಚಳಿಗಾಲದ ನಿದ್ದೆ ಇಲ್ಲ. ನಕ್ಷತ್ರ ಆಮೆ, ಲೆಪರ್ಡ್ ಆಮೆ, ಕೆಂಪುಕಾಲಿನ ಆಮೆಗಳಿಗೂ ಇಲ್ಲ. ಇವು ಮೂಲೆ ಹಿಡಿದು ಕಣ್ಣು ಮುಚ್ಚಿದರೆ ಎರಡೇ ಅರ್ಥ: ಚಳಿಯಾಗಿದೆ, ಇಲ್ಲವೇ ಕಾಯಿಲೆ ಬಿದ್ದಿದೆ. ನಿಮ್ಮದಕ್ಕೆ ಎರಡೂ ಆಗಿರುವಂತಿದೆ.

ವೈದ್ಯರ ಬಳಿ ಹೋಗುವವರೆಗೆ ಮಾಡಬಹುದಾದ, ಮಾಡಲೇಬೇಕಾದ ಕೆಲಸ ಎರಡು: ಬೆಚ್ಚಗಿಡಿ, ನೀರು ಕುಡಿಸಿ. ಊಟದ ಯೋಚನೆ ಸದ್ಯಕ್ಕೆ ಬದಿಗಿರಲಿ.

ಬೆಚ್ಚಗೆ ಯಾಕೆ? ಆಮೆ ತನ್ನ ಮೈಯ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ, ಹೊರಗಿನಿಂದ ಪಡೆಯಬೇಕು. ಅದು ತಿಂದ ಹುಲ್ಲನ್ನು ಕರಗಿಸುವ ಕೆಲಸ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳದ್ದು, ಅವಕ್ಕೂ ಶಾಖ ಬೇಕು. ಮೈ ತಣ್ಣಗಿದ್ದರೆ ಹಸಿವೇ ಆಗುವುದಿಲ್ಲ, ಹೊಟ್ಟೆಯಲ್ಲಿರುವುದು ಮುಂದೆ ಸಾಗುವುದಿಲ್ಲ. ಅಂಥ ಹೊಟ್ಟೆಗೆ ಸಿರಿಂಜಿನಲ್ಲಿ ಹಣ್ಣಿನ ರಸವನ್ನೋ ಗಂಜಿಯನ್ನೋ ಒತ್ತಿ ತುಂಬಿದರೆ ಒಳಗೇ ಹುಳಿಯುತ್ತದೆ. ಶ್ವಾಸನಾಳಕ್ಕೆ ಇಳಿದರಂತೂ ಕಥೆ ಮುಗಿಯಿತು. ನನ್ನ ಬಳಿ ಬರುವ, ಊಟ ಬಿಟ್ಟ ಆಮೆಗಳಲ್ಲಿ ಬಹುಪಾಲಿನದ್ದು ಬೇಕಾದಷ್ಟು ಶಾಖವಿಲ್ಲದ ಮನೆ. ಮಾಲೀಕರು ಹೊಸ ಹೊಸ ಹಣ್ಣು ತಂದು ಸೋತಿರುತ್ತಾರೆ, ಥರ್ಮಾಮೀಟರ್ ಮಾತ್ರ ತಂದಿರುವುದಿಲ್ಲ.

ಆರೋಗ್ಯವಾಗಿರುವ ಸುಲ್ಕಾಟಾಗೆ ಮನೆಯೊಳಗೆ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇರಬೇಕು. ದೀಪದ ಕೆಳಗಿನ ಜಾಗ 35ರಿಂದ 38 ಡಿಗ್ರಿ, ಉಳಿದ ಕಡೆ 27ರಿಂದ 30. ಬೇಕಾದಾಗ ಬಂದು ಕಾಯಿಸಿಕೊಂಡು, ಸಾಕಾದಾಗ ಸರಿದು ಹೋಗಲು ಜಾಗವಿರಬೇಕು. ನಿಮ್ಮದು ಕಾಯಿಲೆ ಬಿದ್ದಿರುವುದರಿಂದ ಈಗ ರಾತ್ರಿಯೂ 27ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಬೆಳಕು ಕೊಡದೆ ಬರೀ ಶಾಖ ಕೊಡುವ ಸೆರಾಮಿಕ್ ಬಲ್ಬ್ ರಾತ್ರಿಗೆ ಒಳ್ಳೆಯದು, ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್‌ಗೆ ಜೋಡಿಸಿಯೇ ಹಾಕಿ. ಅಡಿಯಿಂದ ಕಾಯುವ ಹೀಟಿಂಗ್ ಪ್ಯಾಡ್, ಬಿಸಿಕಲ್ಲು ಬೇಡ. ಆಮೆಗೆ ಬಿಸಿಲು ಬೆನ್ನಿಗೆ ಬೀಳುವುದು ಗೊತ್ತು, ಹೊಟ್ಟೆಯ ಕೆಳಗೆ ಸುಡುತ್ತಿರುವುದು ಬೇಗ ತಿಳಿಯುವುದಿಲ್ಲ. ಸುಟ್ಟ ಹೊಟ್ಟೆಚಿಪ್ಪುಗಳನ್ನು ನೋಡಿದ್ದೇನೆ.

ನೀರಿಗೆ ಬಂದರೆ, ಮರುಭೂಮಿಯ ಪ್ರಾಣಿಗೆ ನೀರು ಬೇಡ ಎಂಬ ನಂಬಿಕೆ ಎಷ್ಟು ಆಮೆಗಳ ಮೂತ್ರಪಿಂಡ ಕೆಡಿಸಿದೆಯೋ! ಅಗಲವಾದ ಪಾತ್ರೆಯಲ್ಲಿ ಮೊಣಕೈಗೆ ಉಗುರುಬೆಚ್ಚಗೆ ತಾಕುವ ನೀರು ಹಾಕಿ, ಗಲ್ಲಕ್ಕಿಂತ ಕೆಳಗಿರುವಷ್ಟು ಮಾತ್ರ. ಅದರಲ್ಲಿ 15–20 ನಿಮಿಷ ಕೂರಿಸಿ, ಪಕ್ಕದಲ್ಲೇ ಇರಿ. ನೆಲದ ಆಮೆಗೆ ಈಜು ಬರುವುದಿಲ್ಲ. ನೀರು ತಣ್ಣಗಾದರೆ ಬದಲಿಸಿ. ಈಗ ದಿನಕ್ಕೊಮ್ಮೆ ಹೀಗೆ ಮಾಡಿ. ಕುತ್ತಿಗೆ ಚಾಚಿ, ಮೂಗಿನವರೆಗೆ ಮುಖವಿಟ್ಟು, ಗಂಟಲು ಮೇಲೆ ಕೆಳಗೆ ಆಡಿಸುತ್ತಾ ಕುಡಿಯುವುದನ್ನು ನೀವೇ ಕಾಣುವಿರಿ. ಕೂತಿದ್ದಾಗ ಮೂತ್ರ ಬಿಟ್ಟರೆ ಗಮನಿಸಿ. ಅದರ ಜೊತೆ ಬಿಳಿಯದೊಂದು ಬರುತ್ತದೆ, ಅದು ಯೂರೇಟ್, ಅಂದರೆ ಯೂರಿಕ್ ಆಮ್ಲದ ಲವಣ. ಮೆತ್ತಗೆ, ನೀರಿನಲ್ಲಿ ಚದುರುವಂತಿದ್ದರೆ ಸರಿ. ಗ್ಲೌಸ್ ಹಾಕಿದ ಬೆರಳಿನಲ್ಲಿ ಉಜ್ಜಿದಾಗ ತರಿತರಿಯಾಗಿ ಸಿಕ್ಕಿದರೆ ಮೈಯಲ್ಲಿ ನೀರು ಸಾಲದು ಎಂದರ್ಥ. ಇದೇ ಮುಂದುವರಿದರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಅದನ್ನು ತೆಗೆಯಲು ಎಷ್ಟೋ ಸಲ ಹೊಟ್ಟೆಚಿಪ್ಪನ್ನೇ ಗರಗಸದಲ್ಲಿ ಕತ್ತರಿಸಿ ತೆರೆಯಬೇಕಾಗುತ್ತದೆ.

ಈಗ ಕಿಟಕಿಯ ಬಿಸಿಲಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಸಾಲು ಇದೇ, ನೀವು ಅದನ್ನು ಒಳ್ಳೆಯ ಸುದ್ದಿಯೆಂಬಂತೆ ಬರೆದಿದ್ದೀರಿ. ಬಿಸಿಲಿನಲ್ಲಿ ಆಮೆಗೆ ಬೇಕಾದದ್ದು ಬೆಳಕು ಮತ್ತು ಶಾಖವಷ್ಟೇ ಅಲ್ಲ, ಯುವಿಬಿ ಎಂಬ ನೇರಳಾತೀತ ಕಿರಣವೂ ಬೇಕು. ಆ ಕಿರಣ ಚರ್ಮಕ್ಕೆ ತಾಕಿದಾಗ ವಿಟಮಿನ್ ಡಿ3 ತಯಾರಾಗುತ್ತದೆ. ಡಿ3 ಇಲ್ಲದಿದ್ದರೆ ಕರುಳು ಕ್ಯಾಲ್ಸಿಯಂ ಹೀರಿಕೊಳ್ಳುವುದಿಲ್ಲ, ಎಷ್ಟೇ ಕ್ಯಾಲ್ಸಿಯಂ ತಿನ್ನಿಸಿದರೂ ಹಿಕ್ಕೆಯಲ್ಲಿ ಹೊರಗೆ ಹೋಗುತ್ತದೆ. ಕಿಟಕಿಯ ಗಾಜು ಈ ಯುವಿಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ನಿಮ್ಮಲ್ಲಿ ಕಿಟಕಿಯದೊಂದು ಗಾಜು, ತೊಟ್ಟಿಯದೊಂದು ಗಾಜು. ಎಂಟು ತಿಂಗಳು ಆಮೆ ಬಿಸಿಲಿನಲ್ಲಿ ಕೂತಿದೆ, ಬಿಸಿಲಿನಿಂದ ಸಿಗಬೇಕಾದದ್ದು ಸಿಕ್ಕಿಲ್ಲ. ಎಂಟು ತಿಂಗಳು ಅದು ಆಡಿಕೊಂಡು ತಿಂದುಕೊಂಡು ಇತ್ತಲ್ಲ ಎನ್ನಬಹುದು. ಆಮೆಯ ದೇಹದಲ್ಲಿ ಎಲ್ಲವೂ ನಿಧಾನ. ಹಾಳಾಗುವುದೂ ನಿಧಾನ, ನಮಗೆ ಕಾಣುವ ಹೊತ್ತಿಗೆ ಒಳಗೆ ತಿಂಗಳುಗಳ ಕೆಲಸ ಆಗಿಹೋಗಿರುತ್ತದೆ.

ಇದಕ್ಕೆ ಎರಡು ದಾರಿ. ಒಂದು, ನೇರ ಬಿಸಿಲು. ಹೊರಗೆ ಬೆಚ್ಚಗಿರುವ ದಿನ ಬೇಲಿ ಕಟ್ಟಿದ ನೆಲದಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ ಬಿಡಿ. ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಗಾಜಿನ ತೊಟ್ಟಿಯ ಸಮೇತ ಹೊರಗಿಡುವುದನ್ನು ಮಾತ್ರ ಎಂದೂ ಮಾಡಬೇಡಿ, ಒಳಗಿನ ಗಾಳಿ ನಿಮಿಷಗಳಲ್ಲಿ ಕಾದು ಆಮೆ ಬೆಂದುಹೋಗುತ್ತದೆ. ನಾಯಿಯಿರುವ ಮನೆ ನಿಮ್ಮದು, ಒಂಟಿಯಾಗಿಯೂ ಬಿಡಬೇಡಿ. ಎಷ್ಟೇ ಸಾಧು ನಾಯಿಯಾದರೂ ಆಮೆ ಅದಕ್ಕೆ ಕಚ್ಚಿ ನೋಡಬೇಕಾದ ವಸ್ತು. ಎರಡನೆಯದು, ಸರೀಸೃಪಗಳಿಗೆಂದೇ ಬರುವ ಯುವಿಬಿ ಟ್ಯೂಬ್. ಸಣ್ಣ ಬಲ್ಬಿಗಿಂತ ಟಿ5 ಎಂಬ ತೆಳುವಾದ, ಉದ್ದನೆಯ ಟ್ಯೂಬ್ ವಾಸಿ, ಬೆಳಕು ಅಗಲಕ್ಕೆ ಬೀಳುತ್ತದೆ. ತಯಾರಕರು ಹೇಳಿದಷ್ಟೇ ಎತ್ತರದಲ್ಲಿ, ಮಧ್ಯೆ ಗಾಜು, ಪ್ಲಾಸ್ಟಿಕ್ ಏನೂ ಇಲ್ಲದಂತೆ ಕಟ್ಟಿ. ದಿನಕ್ಕೆ 10–12 ಗಂಟೆ ಉರಿಯಲಿ. ಸುಮಾರು ವರ್ಷಕ್ಕೊಮ್ಮೆ ಬದಲಿಸಬೇಕು, ಏಕೆಂದರೆ ಟ್ಯೂಬ್ ಉರಿಯುತ್ತಲೇ ಇರುತ್ತದೆ, ಯುವಿಬಿ ಮಾತ್ರ ಕ್ಷೀಣಿಸಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ‘ಸರೀಸೃಪಗಳ ದೀಪ’ ಎಂದು ಮಾರುವ ಕೆಂಪು, ನೀಲಿ ಬಲ್ಬುಗಳು ಬರೀ ಶಾಖದವು. ಪೆಟ್ಟಿಗೆಯ ಮೇಲೆ ಯುವಿಬಿ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಅಷ್ಟೆಲ್ಲ ಯಾಕೆ, ಡಿ3 ಹನಿಯನ್ನೇ ಬಾಯಿಗೆ ಹಾಕಬಾರದೇ ಎಂದು ಕೇಳುವವರಿದ್ದಾರೆ. ಚರ್ಮದಲ್ಲಿ ತಯಾರಾಗುವ ಡಿ3 ಸಾಕಾದಷ್ಟಾದಾಗ ತಾನೇ ನಿಲ್ಲುತ್ತದೆ, ಬಾಯಿಂದ ಹೋದದ್ದಕ್ಕೆ ಆ ಕಡಿವಾಣವಿಲ್ಲ. ಹೆಚ್ಚಾದರೆ ಕ್ಯಾಲ್ಸಿಯಂ ಮೂಳೆಗೆ ಸೇರುವ ಬದಲು ರಕ್ತನಾಳ, ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಮಕ್ಕಳ ಡಿ3 ಹನಿಯನ್ನು ಅಂದಾಜಿನಲ್ಲಿ ಕೊಡುವುದಂತೂ ಬೇಡವೇ ಬೇಡ.

ಚಿಪ್ಪಿನ ಉಬ್ಬುಗಳನ್ನು ನೀವು ಮೆತ್ತಗಿರುವುದರ ಜೊತೆಗೇ ಬರೆದಿದ್ದೀರಿ. ಎರಡೂ ಒಂದೇ ಕಾಯಿಲೆಯಲ್ಲ, ಒಟ್ಟಿಗೆ ಬರಬಹುದು ಅಷ್ಟೇ. ಉಬ್ಬಿಗೆ ಪಿರಮಿಡಿಂಗ್ ಎನ್ನುತ್ತಾರೆ. ಪ್ರೋಟೀನ್ ಜಾಸ್ತಿಯಾದರೆ ಹೀಗಾಗುತ್ತದೆ ಎಂದು ದಶಕಗಳ ಕಾಲ ಎಲ್ಲರೂ ಹೇಳುತ್ತಿದ್ದರು, ಈಗಲೂ ಹೇಳುವವರಿದ್ದಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇದೇ ಸುಲ್ಕಾಟಾ ಮರಿಗಳನ್ನು ಬೇರೆ ಬೇರೆ ತೇವಾಂಶದಲ್ಲಿ, ಬೇರೆ ಬೇರೆ ಪ್ರಮಾಣದ ಪ್ರೋಟೀನ್ ಕೊಟ್ಟು ತಿಂಗಳುಗಳ ಕಾಲ ಬೆಳೆಸಿ ಉಬ್ಬಿನ ಎತ್ತರ ಅಳೆದರು. ಒಣ ಗಾಳಿಯಲ್ಲಿ ಬೆಳೆದವುಗಳ ಚಿಪ್ಪು ಎದ್ದು ನಿಂತಿತ್ತು, ತೇವದಲ್ಲಿ ಬೆಳೆದವುಗಳದ್ದು ಬಹುಮಟ್ಟಿಗೆ ನಯವಾಗಿತ್ತು. ಪ್ರೋಟೀನ್‌ನಿಂದ ಆದ ವ್ಯತ್ಯಾಸ ಅಲ್ಪ. ಒಣಸೀಮೆಯ ಆಮೆಗೆ ತೇವ ಯಾಕೆ ಬೇಕು ಅನ್ನಿಸಬಹುದು. ಸಾಹೇಲಿನ ಮೇಲ್ಮೈ ಒಣಗಿದ್ದರೂ ಸುಲ್ಕಾಟಾ ಮರಿ ದಿನದ ಹೆಚ್ಚು ಹೊತ್ತು ಕಳೆಯುವುದು ಬಿಲದೊಳಗೆ, ಅಲ್ಲಿನ ಮಣ್ಣು ತಂಪು, ತೇವ. ನಿಮ್ಮ ತೊಟ್ಟಿಯ ಕಾಗದದ ಮೇಲೆ ಆ ತೇವ ಎಲ್ಲಿಂದ ಬರಬೇಕು?

ಒಮ್ಮೆ ಎದ್ದ ಉಬ್ಬು ಇಳಿಯುವುದಿಲ್ಲ. ಅದು ಮೂಳೆಯ ಆಕಾರ. ಆದರೆ ಇನ್ನು ಮುಂದೆ ಬೆಳೆಯುವ ಚಿಪ್ಪು ನಯವಾಗಿ ಬರಬಹುದು. ಫಲಕಗಳ ನಡುವಿನ ಸಂದಿಯಲ್ಲಿ ಹೊಸದಾಗಿ ತಿಳಿಬಣ್ಣದ ಗೆರೆ ಮೂಡುವುದೇ ಬೆಳವಣಿಗೆ, ಅದು ಸಮತಟ್ಟಾಗಿ ಬರುತ್ತಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಕಾಗದ ತೆಗೆದು ಗೊಬ್ಬರ, ಕೀಟನಾಶಕ ಬೆರೆಸದ ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಕಲಸಿ ನಾಲ್ಕು ಬೆರಳು ದಪ್ಪ ಹಾಸಿ. ಅಡಿಭಾಗ ತೇವವಾಗಿರಲಿ, ಮೇಲೆ ಒಣಗಿರಲಿ. ಒಂದು ಮೂಲೆಯಲ್ಲಿ ಬಾಯಿ ಕತ್ತರಿಸಿದ ಡಬ್ಬಿ ಮಗುಚಿ ಹಾಕಿದರೆ ಅದೇ ಬಿಲ. ತೇವ ಮಾಡಿದ ಮೇಲೆ ಶಾಖ ಕಡಿಮೆಯಾಗಕೂಡದು, ತೇವವೂ ಚಳಿಯೂ ಸೇರಿದರೆ ಶ್ವಾಸಕೋಶಕ್ಕೆ ಕೇಡು. ಬರೀ ಮರಳು ಬೇಡ, ಊಟದ ಜೊತೆ ಹೊಟ್ಟೆ ಸೇರಿ ಕರುಳು ಕಟ್ಟುತ್ತದೆ. ಗಾಜಿನ ತೊಟ್ಟಿಗಿಂತ ಅಪಾರದರ್ಶಕ ಗೋಡೆಯ ಅಗಲ ಪೆಟ್ಟಿಗೆ ಮೇಲು. ಗಾಜು ಒಂದು ಗೋಡೆ ಎಂಬುದು ಆಮೆಗೆ ಅರ್ಥವಾಗುವುದಿಲ್ಲ, ದಿನವಿಡೀ ಅದಕ್ಕೆ ಮೂತಿ ಒತ್ತಿ ಕಾಲು ಕೆರೆಯುತ್ತಾ ನಡೆಯುತ್ತದೆ.

ಎಣ್ಣೆ ಬೇಡ. ಚಿಪ್ಪಿನ ಹೊರಪದರ ನಮ್ಮ ಉಗುರಿನಂಥ ಕೆರಾಟಿನ್, ಅದರ ಕೆಳಗೆ ರಕ್ತ, ನರ ಇರುವ ಜೀವಂತ ಮೂಳೆ. ಬೆನ್ನುಮೂಳೆ, ಪಕ್ಕೆಲುಬುಗಳೇ ಕೂಡಿ ಬೆನ್ನಚಿಪ್ಪಾಗಿವೆ. ಎಣ್ಣೆ ಅದರೊಳಗೆ ಇಳಿಯುವುದಿಲ್ಲ, ಧೂಳು ಹಿಡಿದು ಶಿಲೀಂಧ್ರಕ್ಕೆ ಜಾಗ ಮಾಡಿಕೊಡುತ್ತದೆ. ಬಣ್ಣ, ನೇಲ್ ಪಾಲಿಶ್, ಕಟ್ಟಿಹಾಕಲು ಅಂಚಿಗೆ ತೂತು ಕೊರೆಯುವುದು ಇವನ್ನು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ತೂತು ಕೊರೆದರೆ ಅದಕ್ಕೆ ನೋವಾಗುತ್ತದೆ, ಚೆನ್ನಾಗಿಯೇ.

ಜೊತೆಗಾರ ಬೇಕೆಂಬ ಮಾತನ್ನು ಬಹಳ ಬೆಳೆಸುವುದಿಲ್ಲ. ನೆಲದ ಆಮೆಗಳು ಒಂಟಿಯಾಗಿಯೇ ನೆಮ್ಮದಿಯಾಗಿರುತ್ತವೆ. ಇಬ್ಬರನ್ನು ಇಟ್ಟರೆ ಒಂದು ಇನ್ನೊಂದನ್ನು ಒತ್ತಿ, ಗುದ್ದಿ, ಊಟದಿಂದ ದೂರವಿಡುತ್ತದೆ. ನಮಗೆ ಅದು ಒರಗಿ ಮಲಗಿದಂತೆ ಕಾಣುತ್ತದೆ. ಕಾಯಿಲೆಯ ಆಮೆಯ ಪಕ್ಕಕ್ಕೆ ಹೊಸದನ್ನು ತಂದರೆ ಎರಡಕ್ಕೂ ಅಪಾಯ, ಮೈಕೋಪ್ಲಾಸ್ಮಾ, ಹರ್ಪಿಸ್‌ನಂಥ ಸೋಂಕುಗಳನ್ನು ನೋಡಲು ಆರೋಗ್ಯವಾಗಿರುವ ಆಮೆಯೂ ಹೊತ್ತು ತರಬಲ್ಲದು.

ಊಟಕ್ಕೆ ಈಗ ಬರೋಣ. ಆಮೆ ಬೆಚ್ಚಗಾಗಿ, ಚಿಕಿತ್ಸೆ ಶುರುವಾಗಿ, ಕಣ್ಣು ತೆರೆದು ಓಡಾಡತೊಡಗಿದ ಮೇಲಿನ ಮಾತಿದು.

ಸುಲ್ಕಾಟಾ ಹುಲ್ಲು ಮೇಯುವ ಪ್ರಾಣಿ. ಅದರ ಊಟದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹುಲ್ಲು, ಒಣಹುಲ್ಲು ಇರಬೇಕು. ಉಳಿದದ್ದು ಎಲೆ, ಹೂವು. ಗರಿಕೆ, ಬೇರೆ ಮೃದು ಹುಲ್ಲುಗಳು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಎಲೆ, ದ್ರಾಕ್ಷಿ ಬಳ್ಳಿಯ ಎಲೆ, ದಂಡೇಲಿಯನ್, ಕ್ಲೋವರ್, ಮುಳ್ಳು ತೆಗೆದ ಪಾಪಾಸುಕಳ್ಳಿಯ ಹಾಳೆ. ಇವುಗಳಲ್ಲಿ ನಾರು ಜಾಸ್ತಿ. ಜೊತೆಗೆ ಊಟದ ಒಟ್ಟು ಲೆಕ್ಕದಲ್ಲಿ ರಂಜಕ ಅಂದರೆ ಫಾಸ್ಫರಸ್‌ಗಿಂತ ಕ್ಯಾಲ್ಸಿಯಂ ಕನಿಷ್ಠ ಎರಡು ಪಟ್ಟು ಇರುವಂತೆ ನೋಡಿಕೊಳ್ಳಬೇಕು. ರಂಜಕ ಮೇಲುಗೈಯಾದರೆ ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ರಸ್ತೆಬದಿಯಿಂದ, ಔಷಧಿ ಹೊಡೆದ ತೋಟದಿಂದ ತರಬೇಡಿ. ಕುಂಡದಲ್ಲಿ ನೀವೇ ಬೆಳೆದರೆ ಎಲ್ಲಕ್ಕಿಂತ ಒಳ್ಳೆಯದು.

ನೀವು ಕೊಡುತ್ತಿದ್ದ ಒಂದೊಂದನ್ನೂ ನೋಡೋಣ, ಎಲ್ಲವೂ ಒಂದೇ ಮಟ್ಟದ ತಪ್ಪುಗಳಲ್ಲ. ಸೌತೆಕಾಯಿ ವಿಷವೇನಲ್ಲ, ಅದರಲ್ಲಿ ನೂರಕ್ಕೆ 95ರಷ್ಟು ನೀರು, ಅಷ್ಟೇ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸೇರುವುದಿಲ್ಲ. ಔಷಧಿ ಬೆರೆಸಿ ಕೊಡಲು ಒಂದು ಹೋಳು ಉಪಯೋಗಕ್ಕೆ ಬರುತ್ತದೆ. ಟೊಮೆಟೊ, ಬಾಳೆಹಣ್ಣಿನ ಸಕ್ಕರೆ ಕರುಳಿನ ಸೂಕ್ಷ್ಮಜೀವಿಗಳ ಸಮತೋಲ ಕೆಡಿಸುತ್ತದೆ, ಬೇಡದ ಜೀವಿಗಳು ಹೆಚ್ಚಿ ಭೇದಿಯಾಗುತ್ತದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಎಂದು ಪಟ್ಟಿಗಳು ಹೇಳುತ್ತವೆ, ಅದರ ಜೊತೆಗಿರುವ ಆಕ್ಸಲೇಟ್ ಆ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಹೇಳುವುದಿಲ್ಲ. ಅಪರೂಪಕ್ಕೆ ಎರಡು ಎಲೆ ತಿಂದರೆ ಏನಾಗದು, ವಾರಕ್ಕೆ ನಾಲ್ಕು ದಿನ ಬೇಡ. ಹಾಲು ಬ್ರೆಡ್ ಪೂರ್ತಿ ನಿಲ್ಲಿಸಿ. ಆಮೆಯ ಹೊಟ್ಟೆಗೆ ಹಾಲಿನ ಸಕ್ಕರೆ ಕರಗಿಸುವ ಶಕ್ತಿಯಿಲ್ಲ. ಮರಿಗೆ ಮೊಲೆಯೂಡಿಸದ ಪ್ರಾಣಿ, ಹಾಲನ್ನು ಅದು ಕಂಡದ್ದೇ ಇಲ್ಲ. ಬೆಕ್ಕಿನ ಕಾಳಿನ ಬಗ್ಗೆ ನನಗೆ ಹೆಚ್ಚು ಆತಂಕ. ಪ್ರೋಟೀನ್‌ನಿಂದ ಉಬ್ಬು ಹೆಚ್ಚೇನೂ ಏಳುವುದಿಲ್ಲ ಎಂದೆ, ಹಾಗಂತ ಅದು ನಿರಪಾಯವಲ್ಲ. ಹುಲ್ಲು ತಿನ್ನುವ ಆಮೆಗೆ ಮಾಂಸದ ಪ್ರೋಟೀನ್ ಹೋದರೆ ಯೂರಿಕ್ ಆಮ್ಲ ಜಾಸ್ತಿಯಾಗಿ ಮೂತ್ರಪಿಂಡಕ್ಕೆ, ಕೀಲುಗಳಿಗೆ ಪೆಟ್ಟು. ನೀರೂ ಕಡಿಮೆಯಿದ್ದರೆ ಇನ್ನೂ ಬೇಗ.

ಬೇರೆಯವರ ಆಮೆ ಹಣ್ಣು, ಹುಳ ತಿಂದುಕೊಂಡು ಗುಂಡಗಿದೆಯಲ್ಲ ಎಂದು ನಿಮಗೆ ಯಾರಾದರೂ ಹೇಳಿಯಾರು. ಅವರದ್ದು ಕೆಂಪುಕಾಲಿನ ಆಮೆಯಾಗಿದ್ದರೆ ಅವರು ಹೇಳುವುದೂ ಸರಿ, ಆ ಜಾತಿ ಕಾಡಿನಲ್ಲಿ ಉದುರಿದ ಹಣ್ಣು, ಆಗಾಗ ಹುಳುಹುಪ್ಪಟೆ ತಿನ್ನುತ್ತದೆ. ಕೆರೆಯ ಆಮೆಯಾದರೆ ಊಟವೇ ಬೇರೆ, ನೀರೊಳಗೇ ತಿನ್ನಬೇಕು. ಆಮೆಯ ಆಹಾರದ ಬಗ್ಗೆ ಯಾರೇ ಸಲಹೆ ಕೊಟ್ಟರೂ ಮೊದಲು ಜಾತಿ ಯಾವುದು ಎಂದು ಕೇಳಿ.

ಸಿಹಿ ಹಣ್ಣಿಗೆ ಒಗ್ಗಿದ ಆಮೆ ಹುಲ್ಲು ಕಂಡು ಮುಖ ತಿರುಗಿಸುತ್ತದೆ, ತಯಾರಾಗಿರಿ. ಅದು ಹಟವಲ್ಲ, ಹುಲ್ಲು ಊಟ ಎಂದು ಅದಕ್ಕೆ ಗೊತ್ತಿಲ್ಲ. ಕತ್ತರಿಯಿಂದ ಹುಲ್ಲನ್ನು ಭತ್ತದ ಕಾಳಿನಷ್ಟು ಸಣ್ಣಗೆ ಕತ್ತರಿಸಿ, ಚೂರು ನೀರು ಚಿಮುಕಿಸಿ, ಅದು ಇಷ್ಟಪಡುವ ಸೊಪ್ಪಿನ ಜೊತೆ ಎಲೆಯಿಂದ ಹುಲ್ಲು ಬೇರ್ಪಡದಂತೆ ಕಲಸಿ. ಮೊದಲ ವಾರ ಹುಲ್ಲು ನೆಪಮಾತ್ರಕ್ಕೆ, ವಾರ ವಾರ ಹೆಚ್ಚಿಸುತ್ತಾ ಹೋಗಿ. ಎಷ್ಟೋ ಆಮೆಗಳಿಗೆ ದಾಸವಾಳದ ಕೆಂಪು ಹೂವನ್ನು ಮೇಲಿಟ್ಟರೆ ಸಾಕು, ಅದರತ್ತ ನಡೆದು ಬಂದು ಹೂವಿನ ಜೊತೆ ಕೆಳಗಿನದನ್ನೂ ಕಚ್ಚುತ್ತವೆ. ಪೂರ್ತಿ ಒಗ್ಗಲು ತಿಂಗಳು ಎರಡು ತಿಂಗಳು ಹಿಡಿಯಬಹುದು. ಚೇತರಿಸಿಕೊಳ್ಳುತ್ತಿರುವ ಮರಿಯನ್ನು ‘ಹಸಿದರೆ ತಾನೇ ತಿನ್ನುತ್ತದೆ’ ಎಂದು ಉಪವಾಸ ಕೆಡವುವುದು ಬೇಡ. ಕ್ಯಾಲ್ಸಿಯಂ ಕಾರ್ಬೋನೇಟ್ ಪುಡಿಯನ್ನು ಒಂದು ಚಿಟಿಕೆ ಊಟದ ಮೇಲೆ ಉದುರಿಸಿ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಎಕ್ಸ್-ರೇ ನೋಡಿದ ವೈದ್ಯರೇ ಹೇಳಲಿ. ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪಾದ ಒಂದು ಕಟಲ್‌ಬೋನ್ ತುಂಡನ್ನೂ ಹಾಕಿಡಿ, ಕಚ್ಚಿದರೆ ಕ್ಯಾಲ್ಸಿಯಂ ಸಿಗುತ್ತದೆ, ಬಾಯಂಚು ಸವೆದು ಅಳತೆಯಲ್ಲಿರುತ್ತದೆ. ಮೆತ್ತನೆಯದನ್ನೇ ತಿಂದು ಬಾಯಂಚು ಗಿಣಿಯ ಕೊಕ್ಕಿನ ಹಾಗೆ ಬಾಗಿ ಬೆಳೆದ ಆಮೆಗಳು ಬಹಳ ಬರುತ್ತವೆ.

ವೈದ್ಯರ ಬಳಿ ಹೋಗುವಾಗ ಬಟ್ಟೆ ಹಾಸಿದ, ಗಾಳಿಯಾಡುವ ಡಬ್ಬಿಯಲ್ಲಿ ಬೆಚ್ಚಗಿಟ್ಟುಕೊಂಡು ಹೋಗಿ. ಹೊಸ ಹಿಕ್ಕೆ ಸಿಕ್ಕಿದರೆ ಸಣ್ಣ ಡಬ್ಬಿಯಲ್ಲಿ ತೆಗೆದುಕೊಳ್ಳಿ, ತೊಟ್ಟಿಯ ಮತ್ತು ದೀಪದ ಫೋಟೊ ಇರಲಿ. ಅವರು ಎಕ್ಸ್-ರೇ, ಸಾಧ್ಯವಾದರೆ ರಕ್ತಪರೀಕ್ಷೆ ಮಾಡಿಸಬಹುದು. ಮಾಡಿಸಿ, ಮೂಳೆ ಎಷ್ಟು ತೆಳುವಾಗಿದೆ, ಎಲ್ಲಾದರೂ ಮುರಿದಿದೆಯೇ ಎಂಬುದು ಬೇರೆ ರೀತಿಯಲ್ಲಿ ಗೊತ್ತಾಗುವುದಿಲ್ಲ. ನಡುಕ, ಸೆಳೆತ ಇದ್ದರೆ ಕ್ಯಾಲ್ಸಿಯಂ ಇಂಜೆಕ್ಷನ್, ಇಲ್ಲದಿದ್ದರೆ ಬಾಯಿಗೆ ಕ್ಯಾಲ್ಸಿಯಂ ದ್ರಾವಣ ಸಾಮಾನ್ಯ. ಎರಡಕ್ಕೂ ಮೊದಲು ಮೈಗೆ ನೀರು ತುಂಬಿಸಬೇಕು. ತಾನಾಗಿ ತಿನ್ನದೇ ಹೋದರೆ ಅನ್ನನಾಳಕ್ಕೆ ತೆಳುವಾದ ಕೊಳವೆ ಕೂರಿಸಿ ಊಟ ಕೊಡುವ ಪದ್ಧತಿಯಿದೆ. ಕುತ್ತಿಗೆಯಲ್ಲಿ ಕೊಳವೆ ನೋಡಿ ಮನೆಯವರು ಗಾಬರಿಯಾಗುತ್ತಾರೆ, ಆದರೆ ದಿನವೂ ಬಾಯಿ ಬಲವಂತವಾಗಿ ತೆರೆಯುವುದಕ್ಕಿಂತ ಅದು ಆಮೆಗೆ ಎಷ್ಟೋ ಹಗುರ, ಅದರಲ್ಲೂ ದವಡೆಯ ಮೂಳೆ ಮೆತ್ತಗಾಗಿರುವಾಗ. ಕಣ್ಣು ಮುಚ್ಚಿದೆ ಎಂದು ಯಾರಾದರೂ ವಿಟಮಿನ್ ಎ ಇಂಜೆಕ್ಷನ್ ಸೂಚಿಸಿದರೆ ನಿಜವಾಗಿ ಬೇಕೇ ಎಂದು ಕೇಳಿ. ಅದರ ಕೊರತೆ ನೀರಿನ ಆಮೆಗಳಲ್ಲಿ ಹೆಚ್ಚು. ಹುಲ್ಲು ತಿನ್ನುವ ಆಮೆಗೆ ಪ್ರಮಾಣ ಮೀರಿ ಚುಚ್ಚಿದರೆ ಚರ್ಮ ಹಾಳೆ ಹಾಳೆಯಾಗಿ ಸುಲಿಯುತ್ತದೆ.

ಗುಣವಾಗುತ್ತದೆಯೇ? ಮೂತ್ರಪಿಂಡ ಕೆಟ್ಟಿರದಿದ್ದರೆ, ಎರಡು ವರ್ಷದ ಆಮೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಚಿಪ್ಪು ಗಟ್ಟಿಯಾಗಲು ತಿಂಗಳುಗಳು ಬೇಕು. ಆ ಅವಧಿಯಲ್ಲಿ ಹೊಟ್ಟೆಯ ಕಡೆ ಪದೇ ಪದೇ ಒತ್ತಿ ನೋಡಬೇಡಿ, ಎತ್ತುವಾಗ ಎರಡೂ ಕೈ ಕೊಡಿ, ಬೀಳಿಸಬೇಡಿ.

ನೀವು ಕೇಳದ ಒಂದು ವಿಷಯ ಉಳಿದಿದೆ. ಅಂಗೈಯಷ್ಟಿರುವ ಈ ಆಮೆ ಚೆನ್ನಾಗಿ ಬೆಳೆದರೆ ಏನಾಗುತ್ತದೆ ಎಂದು ಕೊಟ್ಟವರು ಹೇಳಿದ್ದಾರೆಯೇ? ಸುಲ್ಕಾಟಾ ಜಗತ್ತಿನ ಅತಿ ದೊಡ್ಡ ಆಮೆಗಳಲ್ಲಿ ಮೂರನೆಯದು. ಗ್ಯಾಲಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳು ಬಿಟ್ಟರೆ ಇದೇ. ಗಂಡು 40–50 ಕಿಲೋ ತೂಗುವುದು ಸಾಮಾನ್ಯ, ಅದಕ್ಕೂ ಮೀರಿದವು ಇವೆ. ಬಿಲ ತೋಡುತ್ತದೆ, ಬೇಲಿ ಉರುಳಿಸುತ್ತದೆ, ಐವತ್ತು ವರ್ಷ ದಾಟಿ ಬದುಕುತ್ತದೆ. ಆಗ ಪೆಟ್ಟಿಗೆ ಸಾಲದು, ಕೋಣೆಯೂ ಸಾಲದು, ಹುಲ್ಲಿರುವ ಅಂಗಳ ಬೇಕು. ಅಂಗಳವಿದ್ದು, ನಿಮ್ಮ ನಂತರ ನೋಡಿಕೊಳ್ಳುವವರು ಮನೆಯಲ್ಲಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಗುಣವಾದ ಮೇಲೆ, ಇನ್ನೂ ಚಿಕ್ಕದಿರುವಾಗಲೇ, ಪರವಾನಗಿ ಇರುವ ಆಶ್ರಯಧಾಮಕ್ಕೆ ಅಥವಾ ಜಾಗವಿರುವ ಅನುಭವಿಗಳಿಗೆ ಕೊಡುವುದು ಒಳ್ಳೆಯದು. ದೊಡ್ಡದಾದ ಮೇಲೆ ಕೇಳುವವರು ಸಿಗುವುದಿಲ್ಲ, ಆಶ್ರಯಧಾಮಗಳಲ್ಲಿ ತುಂಬಿರುವುದೇ ಇಂಥವು. ಕಾಡಿಗೋ ಕೆರೆ ಬಯಲಿಗೋ ಬಿಡುವುದು ದಾರಿಯಲ್ಲ. ಇದು ಅಲ್ಲಿ ಸಾಯುತ್ತದೆ, ಸಾಯದಿದ್ದರೆ ಅಲ್ಲಿನ ಆಮೆಗಳಿಗೆ ರೋಗ ಹಚ್ಚುತ್ತದೆ.

ಕಾಗದಗಳ ಬಗ್ಗೆಯೂ ಒಂದು ಮಾತು. ನೆಲದ ಆಮೆಗಳ ಇಡೀ ಕುಟುಂಬವೇ ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ನಕ್ಷತ್ರ ಆಮೆಯನ್ನು 2019ರಲ್ಲಿ ಅತಿ ಕಟ್ಟುನಿಟ್ಟಿನ ಮೊದಲನೇ ಅನುಬಂಧಕ್ಕೆ ಸೇರಿಸಿದರು. ಸಾಕುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸ್ನೇಹಿತರ ಹೆಸರಿನಲ್ಲಿರುವ ಪರವಾನಗಿ ನಿಮ್ಮ ಹೆಸರಿಗೆ ತಾನಾಗಿ ಬರುವುದಿಲ್ಲ. ಅರಣ್ಯ ಅಥವಾ ವನ್ಯಜೀವಿ ಕಚೇರಿಯಲ್ಲಿ ವಿಚಾರಿಸಿ ಸರಿಮಾಡಿಕೊಳ್ಳಿ.

ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳೋ, ಗರ್ಭಿಣಿಯರೋ, ತೀರ ವಯಸ್ಸಾದವರೋ ಇದ್ದರೆ ಹುಷಾರು. ಆರೋಗ್ಯವಾಗಿ ಕಾಣುವ ಆಮೆಯ ಹಿಕ್ಕೆಯಲ್ಲೂ ಭೇದಿ, ಜ್ವರ ತರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದ್ದು ಮಕ್ಕಳಿಗೆ ಇದೇ ಸೋಂಕು ತಗುಲುತ್ತಿತ್ತೆಂದು. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಸ್ನಾನದ ಪಾತ್ರೆ ಅದಕ್ಕೇ ಮೀಸಲಿರಲಿ, ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಇವತ್ತು ಗ್ರಾಂ ತೋರಿಸುವ ತಕ್ಕಡಿಯಲ್ಲಿ ಅದರ ತೂಕ ನೋಡಿ ಬರೆದಿಡಿ. ಚೇತರಿಸಿಕೊಂಡ ಮೇಲೂ ವಾರಕ್ಕೊಮ್ಮೆ, ಸ್ನಾನಕ್ಕೆ ಮೊದಲು, ಬರೆಯುತ್ತಾ ಹೋಗಿ. ತಿನ್ನುತ್ತಿದ್ದರೂ ತೂಕ ಎರಡು ಮೂರು ವಾರ ಸತತ ಇಳಿದರೆ ಚಿಪ್ಪು ಮೆತ್ತಗಾಗುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ.